ಸೇಲ್ಸ್ ಮತ್ತು ಮಾರ್ಕೆಟಿಂಗ್ ಡ್ಯಾಶ್‌ಬೋರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಡ್ಯಾಶ್‌ಬೋರ್ಡ್ ಕಟ್ಟಿಕೊಡುವುದು ನನ್ನ ದಿನನಿತ್ಯದ ಕೆಲಸ. ಮೀಟಿಂಗ್ ಮುಗಿದ ಮೇಲೆ ಬಾಗಿಲ ಬಳಿ ನಿಲ್ಲಿಸಿ ಕೇಳುತ್ತಾರೆ, ಮೇಲ್‌ನಲ್ಲಿ ಕೇಳುತ್ತಾರೆ, ರಾತ್ರಿ ಫೋನ್ ಮಾಡಿಯೂ ಕೇಳುತ್ತಾರೆ. ಸುತ್ತಿ ಸುತ್ತಿ ಬರುವುದು ಅವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ಆಳದವು. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಈಗಷ್ಟೇ ಶುರು ಮಾಡುವವರಿಗೆ

ಡ್ಯಾಶ್‌ಬೋರ್ಡ್ ಅಂದ್ರೆ ಏನು? ತಿಂಗಳ ರಿಪೋರ್ಟ್‌ಗೂ ಅದಕ್ಕೂ ಏನು ವ್ಯತ್ಯಾಸ?

ರಿಪೋರ್ಟ್ ಕೂತು ಓದುವಂಥದ್ದು. ಡ್ಯಾಶ್‌ಬೋರ್ಡ್ ಮುಖ್ಯ ಸಂಖ್ಯೆಗಳನ್ನು ಒಂದೇ ಕಡೆ ತೋರಿಸುವಂಥದ್ದು, ಒಂದು ಸಲ ಕಣ್ಣು ಹಾಯಿಸಿ ಮುಂದೆ ಹೋಗುವಂಥದ್ದು. ಕಾರು ಓಡಿಸುವಾಗ ಸ್ಪೀಡ್ ಮತ್ತು ಪೆಟ್ರೋಲ್ ಮುಳ್ಳನ್ನು ಅರೆಕ್ಷಣ ನೋಡಿ ಮತ್ತೆ ರಸ್ತೆ ನೋಡುತ್ತೀವಲ್ಲ, ಹಾಗೆ. ಈ ಹೆಸರು ಕಾರಿಗಿಂತಲೂ ಹಳೆಯದು. ಕುದುರೆ ಗಾಡಿಯ ಮುಂದೆ, ಕುದುರೆ ಕಾಲಿನಿಂದ ಚಿಮ್ಮುವ ಕೆಸರು ಗಾಡಿಯಲ್ಲಿ ಕೂತವರ ಮೇಲೆ ಬೀಳದಂತೆ ಒಂದು ಹಲಗೆ ಇರುತ್ತಿತ್ತು. ಅದೇ ಡ್ಯಾಶ್‌ಬೋರ್ಡ್. ಮುಳ್ಳು, ಮೀಟರ್ ಎಲ್ಲ ಆಮೇಲೆ ಅದೇ ಜಾಗಕ್ಕೆ ಬಂದು ಕೂತವು.

ವ್ಯವಹಾರದ ಡ್ಯಾಶ್‌ಬೋರ್ಡ್ ಎರಡು ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು: ಎಲ್ಲ ಸರಿಯಾಗಿ ನಡೆಯುತ್ತಿದೆಯಾ? ಇಲ್ಲದಿದ್ದರೆ ಎಲ್ಲಿ ನೋಡಬೇಕು? ಯಾಕೆ ಹೀಗಾಯ್ತು ಅನ್ನುವುದನ್ನು ಹುಡುಕುವುದು ಆಮೇಲಿನ ಕೆಲಸ.

ನಮ್ಮದು ಐದೇ ಜನರ ವ್ಯವಹಾರ. ನಮಗೂ ಇದು ಬೇಕಾ?

ಮೂರು ತಿಂಗಳ ಹಿಂದಿಗಿಂತ ಈಗ ಹೊಸ ಗ್ರಾಹಕರು ಜಾಸ್ತಿ ಬರುತ್ತಿದ್ದಾರಾ ಕಡಿಮೆಯಾ ಅಂತ ಕೇಳಿದರೆ, ನೀವು ಅಂದಾಜಿನ ಮೇಲೆ ಉತ್ತರ ಹೇಳುತ್ತೀರಾ? ಹಾಗಿದ್ದರೆ ಬೇಕು. ಸಾಫ್ಟ್‌ವೇರ್ ಬೇಕು ಅಂತಲ್ಲ. ಗೋಡೆಯ ಬಿಳಿ ಬೋರ್ಡ್ ಮೇಲೆ ಪ್ರತಿ ಶುಕ್ರವಾರ ನಾಲ್ಕು ಸಂಖ್ಯೆ ಬರೆಯುವುದೂ ಡ್ಯಾಶ್‌ಬೋರ್ಡೇ. ಕೈಯಲ್ಲಿ ಬರೆದವರಿಗೆ ಆ ಸಂಖ್ಯೆ ಎಲ್ಲಿಂದ ಬಂತು ಅಂತ ಗೊತ್ತಿರುತ್ತದೆ. ದೊಡ್ಡ ಕಂಪನಿಗಳಲ್ಲಿ ಎಷ್ಟೋ ಸಲ ಅದೇ ಗೊತ್ತಿರುವುದಿಲ್ಲ.

ಎಕ್ಸೆಲ್ ಸಾಕಾ, ಪವರ್ ಬಿಐ ಥರದ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್ ತಗೋಬೇಕಾ?

ಶುರುವಿಗೆ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಧಾರಾಳ ಸಾಕು. ಒಂದೇ ಶೀಟ್‌ನ ನಾಲ್ಕು ನಕಲು ನಾಲ್ಕು ಜನರ ಹತ್ತಿರ ಓಡಾಡಲು ಶುರುವಾದಾಗ, ಅಥವಾ ಪ್ರತಿ ವಾರ ಕಾಪಿ-ಪೇಸ್ಟ್‌ಗೇ ಅರ್ಧ ದಿನ ಹೋಗುವಾಗ ಮುಂದಿನದನ್ನು ಯೋಚಿಸಿ.

ಆಗ ನಾನು ಕೇಳುವುದು ಒಂದೇ: ನಿಮ್ಮ ಡೇಟಾ ಈಗ ಎಲ್ಲಿದೆ? ಮೈಕ್ರೋಸಾಫ್ಟ್ ಕಡೆಯವುಗಳಲ್ಲೇ ಇದ್ದರೆ ಪವರ್ ಬಿಐ ಸಲೀಸು. ಗೂಗಲ್ ಜಾಹೀರಾತು, ಅನಾಲಿಟಿಕ್ಸ್ (ವೆಬ್‌ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಸೇವೆ) ಜಾಸ್ತಿ ಬಳಸುವವರಿಗೆ ಲುಕರ್ ಸ್ಟುಡಿಯೋ ಹತ್ತಿರ. 2022ರವರೆಗೆ ಡೇಟಾ ಸ್ಟುಡಿಯೋ ಅಂತ ಕರೆಯುತ್ತಿದ್ದದ್ದು ಇದನ್ನೇ, ಹಳೇ ವಿಡಿಯೋ ನೋಡಿ ಗೊಂದಲ ಆಗಬೇಡಿ. ಟ್ಯಾಬ್ಲೋ ಚಿತ್ರ ಬಿಡಿಸುವುದರಲ್ಲಿ ಗಟ್ಟಿ, ಕಲಿಯಲು ಸಮಯ ಬೇಕು. ತಾಂತ್ರಿಕ ಜನ ಜೊತೆಗಿದ್ದರೆ ಮೆಟಾಬೇಸ್, ಅಪಾಚೆ ಸೂಪರ್‌ಸೆಟ್‌ನಂಥ ಓಪನ್ ಸೋರ್ಸ್ ದಾರಿಯೂ ಇದೆ. ಟೂಲ್ ಆಯ್ಕೆಗೆ ಒಂದು ವಾರಕ್ಕಿಂತ ಜಾಸ್ತಿ ಕಳೆಯಬೇಡಿ. ಕೆಟ್ಟ ಡ್ಯಾಶ್‌ಬೋರ್ಡ್‌ಗಳನ್ನು ನಾನು ಈ ಎಲ್ಲದರಲ್ಲೂ ನೋಡಿದ್ದೇನೆ, ಒಳ್ಳೆಯವನ್ನೂ ನೋಡಿದ್ದೇನೆ.

ಒಂದು ಸ್ಕ್ರೀನ್‌ನಲ್ಲಿ ಎಷ್ಟು ಸಂಖ್ಯೆ ಇರಬಹುದು?

ಸ್ಕ್ರಾಲ್ ಮಾಡದೆ ಕಾಣುವಷ್ಟು. ನನ್ನ ರೂಢಿ ಐದರಿಂದ ಎಂಟು. ಪ್ರತಿಯೊಂದರ ಮುಂದೆ ಒಂದು ಪ್ರಶ್ನೆ ಬರೆಸುತ್ತೇನೆ: ಇದು ಬಿದ್ದರೆ ಯಾರು, ಏನು ಮಾಡುತ್ತಾರೆ? ಉತ್ತರ ಇಲ್ಲದ ಸಂಖ್ಯೆ ಮೊದಲ ಪುಟಕ್ಕೆ ಬರುವುದಿಲ್ಲ. ಕೆಲವರಿಗೆ ಬೇಜಾರಾಗುತ್ತದೆ, ಆದರೂ ಇದರಲ್ಲಿ ನಾನು ಬಿಟ್ಟುಕೊಡುವುದಿಲ್ಲ.

## ಏನನ್ನು ಅಳೆಯಬೇಕು

ಸೇಲ್ಸ್‌ಗೆ ಒಟ್ಟು ಮಾರಾಟ ನೋಡಿದರೆ ಸಾಲದಾ?

ಒಟ್ಟು ಮಾರಾಟ ಆಗಿಹೋದ ಕಥೆ. ತಿಂಗಳ ಕೊನೆಗೆ ಅದು ಕಡಿಮೆ ಅಂತ ಗೊತ್ತಾದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಅದರ ಹಿಂದೆ ನಾಲ್ಕು ಸಂಖ್ಯೆ ಇವೆ: ಕೈಯಲ್ಲಿರುವ ಅವಕಾಶಗಳು (ಆರ್ಡರ್ ಆಗಬಹುದಾದ ಮಾತುಕತೆಗಳು) ಎಷ್ಟು, ಅದರಲ್ಲಿ ಗೆಲ್ಲುವುದು ಶೇಕಡಾ ಎಷ್ಟು, ಸರಾಸರಿ ಆರ್ಡರ್ ಎಷ್ಟರದು, ಮೊದಲ ಮಾತಿನಿಂದ ಆರ್ಡರ್ ತನಕ ಎಷ್ಟು ದಿನ ಹಿಡಿಯುತ್ತದೆ. ಮೊದಲ ಮೂರನ್ನು ಗುಣಿಸಿ ನಾಲ್ಕನೆಯದರಿಂದ ಭಾಗಿಸಿದರೆ ಸಿಗುವುದೇ ಸೇಲ್ಸ್ ವೆಲಾಸಿಟಿ, ಅಂದರೆ ದಿನಕ್ಕೆ ಎಷ್ಟು ಮಾರಾಟ ಹರಿದು ಬರುತ್ತಿದೆ ಅನ್ನುವ ಲೆಕ್ಕ.

ಒಂದು ಉದಾಹರಣೆ ನೋಡಿ. 40 ಅವಕಾಶ, ಗೆಲುವು ಶೇ. 25, ಸರಾಸರಿ ಆರ್ಡರ್ 50,000, ಹಿಡಿಯುವ ಸಮಯ 60 ದಿನ. ದಿನಕ್ಕೆ ಸುಮಾರು 8,333 ಬಂತು. ಈಗ ಬೇರೇನನ್ನೂ ಮುಟ್ಟದೆ 60 ದಿನವನ್ನು 50ಕ್ಕೆ ಇಳಿಸಿ. ದಿನಕ್ಕೆ 10,000 ಆಗುತ್ತದೆ. ಒಬ್ಬ ಹೊಸ ಗ್ರಾಹಕನನ್ನೂ ಹುಡುಕಲಿಲ್ಲ, ಕೊಟೇಶನ್ ಬೇಗ ಕಳಿಸಿದ್ದಷ್ಟೇ. ಎಲ್ಲರೂ ಲೀಡ್ (ವಿಚಾರಿಸಿಕೊಂಡು ಬಂದ, ಮುಂದೆ ಗ್ರಾಹಕರಾಗಬಹುದಾದವರು) ಬೇಕು ಲೀಡ್ ಬೇಕು ಅನ್ನುವಾಗ ಈ ನಾಲ್ಕನೆಯ ಸಂಖ್ಯೆಯನ್ನು ಯಾರೂ ನೋಡುವುದಿಲ್ಲ. ನಾನು ಮೊದಲು ನೋಡುವುದೇ ಅದನ್ನು.

ಮಾರ್ಕೆಟಿಂಗ್‌ನವರು ಲೀಡ್ ಬೇಕಾದಷ್ಟು ಕೊಡ್ತಿದ್ದೀವಿ ಅಂತಾರೆ, ಸೇಲ್ಸ್‌ನವರು ಎಲ್ಲ ಜೊಳ್ಳು ಅಂತಾರೆ. ಯಾರನ್ನ ನಂಬೋದು?

ಇಬ್ಬರನ್ನೂ ನಂಬಿ. ಇಬ್ಬರೂ ತಮಗೆ ಕಾಣುವ ತುಂಡನ್ನೇ ಹೇಳುತ್ತಿದ್ದಾರೆ. ಲೀಡ್‌ನಿಂದ ಗ್ರಾಹಕನವರೆಗಿನ ದಾರಿಯನ್ನು ಒಂದೇ ಸಾಲಿನಲ್ಲಿ ತೋರಿಸದಿದ್ದರೆ ಈ ಜಗಳ ಮುಗಿಯುವುದಿಲ್ಲ.

ಎರಡು ಜಾಹೀರಾತು ಇವೆ ಅಂದುಕೊಳ್ಳಿ. ಎರಡಕ್ಕೂ ತಲಾ 1,00,000 ಖರ್ಚು. ಮೊದಲನೆಯದು 200 ಲೀಡ್ ತಂದಿತು, ಒಂದು ಲೀಡ್‌ಗೆ 500. ಎರಡನೆಯದು 50 ತಂದಿತು, ಒಂದಕ್ಕೆ 2,000. ಇಲ್ಲಿಗೇ ನಿಲ್ಲಿಸಿದರೆ ಎರಡನೆಯದನ್ನು ಬಂದ್ ಮಾಡುತ್ತೀರಿ. ಮುಂದೆ ನೋಡಿ: ಮೊದಲನೆಯದರಿಂದ ಗ್ರಾಹಕರಾದವರು 4 ಜನ, ಎರಡನೆಯದರಿಂದ 10 ಜನ. ಒಬ್ಬ ಗ್ರಾಹಕನಿಗೆ ಆದ ಖರ್ಚು ಮೊದಲನೆಯದರಲ್ಲಿ 25,000, ಎರಡನೆಯದರಲ್ಲಿ 10,000. ಹಾಗಾಗಿ ಮಾರ್ಕೆಟಿಂಗ್ ಪುಟದಲ್ಲಿ ಲೀಡ್‌ನ ಖರ್ಚಿನ ಪಕ್ಕದಲ್ಲೇ ಗ್ರಾಹಕನ ಖರ್ಚು ಇರಲೇಬೇಕು. ಅದಕ್ಕೆ ಲೀಡ್ ಎಲ್ಲಿಂದ ಬಂತು ಅನ್ನುವ ಗುರುತು ಬಿಲ್ ತನಕ ಅಳಿಯದೆ ಜೊತೆಗೆ ಬರಬೇಕು. ಇದೊಂದು ಕೆಲಸ ಮಾಡಿಸಿಕೊಳ್ಳಿ, ಉಳಿದದ್ದು ತಾನಾಗಿ ಬರುತ್ತದೆ.

ಒಬ್ಬ ಗ್ರಾಹಕನನ್ನು ತರಲು ಎಷ್ಟು ಖರ್ಚು ಮಾಡಬಹುದು?

ಆತ ಒಟ್ಟು ತಂದುಕೊಡುವ ಲಾಭ, ಅವನನ್ನು ತರುವ ಖರ್ಚಿನ ಮೂರು ಪಟ್ಟಾದರೂ ಇರಲಿ ಅನ್ನುವ ಒಂದು ವಾಡಿಕೆ ಲೆಕ್ಕ ಇದೆ. ಆದರೆ ಒಟ್ಟು ಲಾಭ ಅನ್ನುವುದು ಮುಂದಿನ ವರ್ಷಗಳ ಊಹೆ. ಹೊಸ ವ್ಯವಹಾರದಲ್ಲಿ ಅದನ್ನು ನಂಬಿ ಖರ್ಚು ಮಾಡಬೇಡಿ. ಹಾಕಿದ ದುಡ್ಡು ಎಷ್ಟು ತಿಂಗಳಲ್ಲಿ ವಾಪಸ್ ಬರುತ್ತದೆ ಅಂತ ನೋಡಿ. 10,000 ಖರ್ಚಾಗಿ, ತಿಂಗಳಿಗೆ 1,250 ಲಾಭ ಬಂದರೆ ಎಂಟು ತಿಂಗಳು. ಲಾಭ ಅಂದೆ, ಮಾರಾಟ ಅನ್ನಲಿಲ್ಲ. ಆ ಎಂಟು ತಿಂಗಳು ತಡೆದುಕೊಳ್ಳುವಷ್ಟು ಹಣ ಕೈಯಲ್ಲಿದೆಯಾ ಅನ್ನುವುದೇ ನಿಜವಾದ ಮಿತಿ.

ಲೈಕ್, ಫಾಲೋವರ್, ಮೇಲ್ ಓಪನ್ ರೇಟ್ ಇವನ್ನೆಲ್ಲ ಹಾಕಲೇಬಾರದಾ?

ಕಂಟೆಂಟ್ ಬರೆಯುವವರ ಪುಟದಲ್ಲಿ ಇರಲಿ, ಅವರಿಗೆ ಅದರಿಂದ ಉಪಯೋಗ ಇದೆ. ಮಾಲೀಕರ ಪುಟದಲ್ಲಿ ಬೇಡ. ಮೇಲ್ ಓಪನ್ ರೇಟ್, ಅಂದರೆ ಕಳಿಸಿದ ಮೇಲ್ ತೆರೆದವರು ಶೇಕಡಾ ಎಷ್ಟು ಅನ್ನುವುದರ ಬಗ್ಗೆ ಮಾತ್ರ ಎಚ್ಚರ. ಆಪಲ್ 2021ರಲ್ಲಿ ತನ್ನ ಮೇಲ್ ಆ್ಯಪ್‌ಗೆ ಒಂದು ಖಾಸಗಿತನದ ಸೌಲಭ್ಯ ತಂದಿತು. ಅದನ್ನು ಆನ್ ಮಾಡಿದವರಿಗೆ ಬಂದ ಮೇಲ್‌ನ ಚಿತ್ರಗಳು ಅವರು ತೆರೆಯುವ ಮೊದಲೇ ಲೋಡ್ ಆಗುತ್ತವೆ. ಚಿತ್ರ ಲೋಡ್ ಆಗುವುದನ್ನೇ ಎಣಿಸುವುದರಿಂದ ನಿಮ್ಮ ಲೆಕ್ಕದಲ್ಲಿ ಅದು ಓಪನ್ ಅಂತ ಬೀಳುತ್ತದೆ, ಅವರು ನೋಡಿಯೇ ಇರುವುದಿಲ್ಲ. ಬದಲಿಗೆ ಕ್ಲಿಕ್ ಮತ್ತು ಉತ್ತರಗಳನ್ನು ಎಣಿಸಿ.

ಹೋದ ತಿಂಗಳ ಮಾರಾಟ ಸೇಲ್ಸ್‌ನವರು ಒಂದು ಹೇಳ್ತಾರೆ, ಅಕೌಂಟ್ಸ್‌ನವರು ಇನ್ನೊಂದು ಹೇಳ್ತಾರೆ. ಯಾವುದು ಸರಿ?

ಈ ಪ್ರಶ್ನೆಗೆ ನಾನು ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ಡ್ಯಾಶ್‌ಬೋರ್ಡ್‌ಗಳು ಸಾಯುವುದು ಹೆಚ್ಚಾಗಿ ಇಲ್ಲೇ.

ಒಂದು ಕಡೆ ಸೋಮವಾರದ ಮೀಟಿಂಗ್‌ನಲ್ಲಿ ಕೂತಿದ್ದೆ. ಹೋದ ತಿಂಗಳು ಎಷ್ಟು ಆರ್ಡರ್ ಆಯ್ತು ಅಂತ ಮಾಲೀಕರು ಕೇಳಿದರು. ಸೇಲ್ಸ್ ಮ್ಯಾನೇಜರ್ 412 ಅಂದರು. ಅಕೌಂಟ್ಸ್‌ನವರು 387 ಅಂದರು. ಮಾರ್ಕೆಟಿಂಗ್‌ನ ಹುಡುಗಿ ಏನೂ ಹೇಳದೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು, ಅದರಲ್ಲಿ 351 ಇತ್ತು. ಮುಕ್ಕಾಲು ಗಂಟೆ ಅದರಲ್ಲೇ ಹೋಯಿತು. ಯಾರು ಸುಳ್ಳು ಹೇಳುತ್ತಿದ್ದಾರೆ ಅನ್ನುವ ಮಟ್ಟಕ್ಕೆ ಮಾತು ಬೆಳೆಯಿತು.

ಮೀಟಿಂಗ್ ಆದ ಮೇಲೆ ಮೂರೂ ಪಟ್ಟಿ ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟುಕೊಂಡು ಸಾಲು ಸಾಲಾಗಿ ಟಿಕ್ ಹಾಕುತ್ತಾ ಬಂದೆವು. 412ರಲ್ಲಿ 9 ಆರ್ಡರ್ ರದ್ದಾಗಿದ್ದವು. 16ರ ಬಿಲ್ ಮುಂದಿನ ತಿಂಗಳ ತಾರೀಖಿನಲ್ಲಿತ್ತು. ಉಳಿದದ್ದು 387. ಅದರಲ್ಲಿ 36 ಹಳೇ ಗ್ರಾಹಕರು ನೇರ ಫೋನ್ ಮಾಡಿ ಹೇಳಿದ ಆರ್ಡರ್‌ಗಳು, ಅವಕ್ಕೆ ಮಾರ್ಕೆಟಿಂಗ್ ಗುರುತೇ ಇಲ್ಲ. ಉಳಿದದ್ದು 351. ಒಂದು ಸಾಲೂ ಹೆಚ್ಚುಕಡಿಮೆ ಇರಲಿಲ್ಲ. ಮೂವರೂ ನಿಜವನ್ನೇ ಹೇಳಿದ್ದರು, ಮೂರು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು ಇಟ್ಟಿದ್ದರು ಅಷ್ಟೇ.

ಅಂದಿನಿಂದ ಅಲ್ಲಿ ಬರೀ "ಆರ್ಡರ್" ಅನ್ನುವ ಹೆಸರು ಇಲ್ಲ. "ಬಂದ ಆರ್ಡರ್", "ಬಿಲ್ ಆದ ಆರ್ಡರ್", "ಮಾರ್ಕೆಟಿಂಗ್‌ನಿಂದ ಬಂದ ಆರ್ಡರ್" ಅಂತ ಮೂರು ಇವೆ. ನೀವೂ ಪ್ರತಿ ಸಂಖ್ಯೆಗೆ ಐದು ಸಾಲು ಬರೆದಿಡಿ. ಯಾವುದನ್ನು ಎಣಿಸುತ್ತೇವೆ, ಯಾವ ತಾರೀಖು ಹಿಡಿಯುತ್ತೇವೆ, ತೆರಿಗೆ ಸೇರಿದೆಯಾ, ವಾಪಸ್ ಬಂದದ್ದನ್ನು ಮಾರಿದ ತಿಂಗಳಿಂದ ಕಳೆಯಬೇಕಾ ಇಲ್ಲ ವಾಪಸ್ ಬಂದ ತಿಂಗಳಿಂದಾ, ತಪ್ಪಾದರೆ ಯಾರನ್ನು ಕೇಳಬೇಕು. ಚಾರ್ಟ್ ಬಿಡಿಸುವ ಮೊದಲೇ ಇದನ್ನು ಮಾಡಿ. ನನ್ನ ಪ್ರಕಾರ ಡ್ಯಾಶ್‌ಬೋರ್ಡ್ ಅಂದರೆ ಮೊದಲು ಮಾತುಗಳ ಒಪ್ಪಂದ. ಬಣ್ಣ, ಚಿತ್ರ ಎಲ್ಲ ಆಮೇಲೆ.

## ಕಟ್ಟುವಾಗ

ಯಾವುದಕ್ಕೆ ಯಾವ ಚಾರ್ಟ್ ಹಾಕಬೇಕು?

ಕಾಲ ಕಳೆದಂತೆ ಏರಿಳಿತ ತೋರಿಸಲು ಗೆರೆ. ಒಂದಕ್ಕೊಂದು ಹೋಲಿಸಲು ಪಟ್ಟಿ, ಅಂದರೆ ಬಾರ್ ಚಾರ್ಟ್. ಇವೆರಡರಲ್ಲೇ ಬಹುಪಾಲು ಕೆಲಸ ಮುಗಿಯುತ್ತದೆ. ವಿಲಿಯಂ ಪ್ಲೇಫೇರ್ ಅನ್ನುವವರು 1786ರಲ್ಲೇ ವ್ಯಾಪಾರದ ಅಂಕಿಗಳನ್ನು ತೋರಿಸಲು ಇವೆರಡನ್ನೂ ಬಳಸಿದ್ದರು. ಪೈ ಚಾರ್ಟ್ ಕೂಡ ಅವರದೇ, 1801ರದ್ದು. ಪೈನಲ್ಲಿ ಮೂರು ತುಂಡಿಗಿಂತ ಜಾಸ್ತಿ ಆದರೆ ಕಣ್ಣಿಗೆ ಅಳತೆ ಸಿಗುವುದಿಲ್ಲ, ಆಗ ಪಟ್ಟಿಯೇ ವಾಸಿ.

ಪಟ್ಟಿ ಯಾವಾಗಲೂ ಸೊನ್ನೆಯಿಂದ ಶುರುವಾಗಲಿ. 90ರಿಂದ ಶುರು ಮಾಡಿದರೆ 95ಕ್ಕಿಂತ 100 ಎರಡು ಪಟ್ಟು ಎತ್ತರ ಕಾಣುತ್ತದೆ. ಕೆಂಪು-ಹಸಿರು ಬಣ್ಣ ಒಂದನ್ನೇ ನೆಚ್ಚಿಕೊಳ್ಳಬೇಡಿ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ, ಬೇರೆ ಕಡೆಯ ಜನರಲ್ಲೂ ಈ ತೊಂದರೆ ಇದೆ. ಬಣ್ಣದ ಜೊತೆ ಮೇಲೆ-ಕೆಳಗೆ ಬಾಣದ ಗುರುತನ್ನೂ ಹಾಕಿ.

ರಿಯಲ್ ಟೈಮ್ ಬೇಕೇ ಬೇಕು ಅಂತಾರೆ ನಮ್ಮ ಬಾಸ್. ಬೇಕಾ?

ಗಂಟೆಗೊಮ್ಮೆ ನಿರ್ಧಾರ ಬದಲಿಸುತ್ತೀರಾದರೆ ಬೇಕು. ಒಂದು ದಿನದ ಆಫರ್ ನಡೆಸುವಾಗ, ಜಾಹೀರಾತಿನ ದುಡ್ಡು ಬೇಗ ಖರ್ಚಾಗುವಾಗ ಅದು ಸರಿ. ವಾರಕ್ಕೊಮ್ಮೆ ಕೂತು ನಿರ್ಧರಿಸುವವರಿಗೆ ದಿನಕ್ಕೊಂದು ಸಲ ಅಪ್‌ಡೇಟ್ ಆದರೆ ಸಾಕು. ಕೆಲವು ಮೂಲಗಳಲ್ಲಿ ಅಂಕಿ ಗಟ್ಟಿಯಾಗುವುದೇ ತಡ. ಗೂಗಲ್ ಅನಾಲಿಟಿಕ್ಸ್ 4ರಲ್ಲಿ ಪೂರ್ತಿ ಲೆಕ್ಕ ಕೂಡಲು 24ರಿಂದ 48 ಗಂಟೆ ಹಿಡಿಯಬಹುದು. ನಿನ್ನೆಯ ಸಂಖ್ಯೆ ನೋಡಿ ಬಿತ್ತು ಅಂತ ಗಾಬರಿಯಾದವರು ನಾಳಿದ್ದು ನೋಡಿದರೆ ಅದು ಸರಿಯಾಗಿರುತ್ತದೆ. ಕೊನೆಯ ಅಪ್‌ಡೇಟ್ ಎಷ್ಟು ಗಂಟೆಯದು ಅನ್ನುವುದನ್ನು ಸ್ಕ್ರೀನ್ ಮೂಲೆಯಲ್ಲಿ ಬರೆಯಿರಿ.

ಸಿಆರ್‌ಎಂನಲ್ಲಿ (ಗ್ರಾಹಕರ ವಿವರ, ಮಾತುಕತೆ ಬರೆದಿಡೋ ಸಾಫ್ಟ್‌ವೇರ್) ಸೇಲ್ಸ್‌ನವರು ಏನೂ ತುಂಬೋದೇ ಇಲ್ಲ. ಏನು ಮಾಡೋದು?

ಫಾರ್ಮ್ ತೆರೆದು ಎಷ್ಟು ಖಾನೆ ಇವೆ ಎಣಿಸಿ. ಇಪ್ಪತ್ತು ಇದ್ದರೆ ತಪ್ಪು ಅವರದಲ್ಲ. ಇಡೀ ದಿನ ಓಡಾಡಿ ಬಂದವರು ಸಂಜೆ ಅಷ್ಟೆಲ್ಲ ತುಂಬಲಿ ಅಂತ ಬಯಸುವುದು ಅನ್ಯಾಯ. ಈಗ ಯಾವ ಹಂತದಲ್ಲಿದೆ, ಎಷ್ಟರ ಆರ್ಡರ್, ಮುಂದೆ ಯಾವತ್ತು ಮಾತಾಡಬೇಕು ಅನ್ನುವ ಮೂರೇ ಖಾನೆ ಕಡ್ಡಾಯ ಮಾಡಿ. ಅವರು ತುಂಬಿದ್ದು ಅವರಿಗೇ ಉಪಯೋಗಕ್ಕೆ ಬರಲಿ: ಬೆಳಗ್ಗೆ ಎದ್ದಾಗ ಇವತ್ತು ಯಾರಿಗೆ ಫೋನ್ ಮಾಡಬೇಕು ಅನ್ನುವ ಪಟ್ಟಿ ಅವರ ಮೊಬೈಲ್‌ನಲ್ಲಿರಲಿ. ಆಗ ಯಾರೂ ಹೇಳಿಸಿಕೊಳ್ಳುವುದಿಲ್ಲ.

ಎರಡು ವರ್ಷದ ಹಿಂದಿನ ವೆಬ್‌ಸೈಟ್ ಅಂಕಿ ಸಿಗ್ತಾನೇ ಇಲ್ಲ, ಎಲ್ಲಿ ಹೋಯ್ತು?

ಗೂಗಲ್‌ನ ಹಳೇ ಯೂನಿವರ್ಸಲ್ ಅನಾಲಿಟಿಕ್ಸ್ 2023ರ ಜುಲೈ 1ರಿಂದ ಹೊಸ ಅಂಕಿ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಒಂದು ವರ್ಷದ ನಂತರ ಹಳೆಯದೂ ಮುಚ್ಚಿತು. ಹೊಸ ಆವೃತ್ತಿಯಲ್ಲಿ ಬಿಡಿ ಬಿಡಿ ಘಟನೆಗಳ ಡೇಟಾ ಉಳಿಯುವ ಅವಧಿ ಸೆಟ್ಟಿಂಗ್ ಮುಟ್ಟದಿದ್ದರೆ 2 ತಿಂಗಳು, ಉಚಿತ ಖಾತೆಯಲ್ಲಿ 14 ತಿಂಗಳವರೆಗೆ ಹೆಚ್ಚಿಸಬಹುದು. ಇವತ್ತೇ ಹೋಗಿ ಅದನ್ನು ಬದಲಿಸಿ. ಮುಖ್ಯ ಅಂಕಿಗಳನ್ನು ತಿಂಗಳಿಗೊಮ್ಮೆ ನಿಮ್ಮದೇ ಶೀಟ್‌ಗೆ ಇಳಿಸಿಕೊಳ್ಳಿ.

## ಇನ್ನೂ ಆಳಕ್ಕೆ

ಜಾಹೀರಾತು ಕಂಪನಿಗಳ ಲೆಕ್ಕ ಕೂಡಿಸಿದರೆ 90 ಮಾರಾಟ, ನಮ್ಮಲ್ಲಿ ಆಗಿರೋದೇ 60. ಇದು ಹೇಗೆ?

ಒಬ್ಬ ಗ್ರಾಹಕ ಸೋಮವಾರ ಒಂದು ಕಡೆ ನಿಮ್ಮ ಜಾಹೀರಾತು ಒತ್ತಿದ. ಬುಧವಾರ ಇನ್ನೊಂದು ಕಡೆ ಒತ್ತಿದ. ಶುಕ್ರವಾರ ಕೊಂಡ. ಎರಡೂ ಕಡೆಯವರು ಇದು ನಮ್ಮಿಂದಲೇ ಆದ ಮಾರಾಟ ಅಂತ ಬರೆದುಕೊಳ್ಳುತ್ತಾರೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣುವುದಿಲ್ಲ. ಒತ್ತದೆ ಬರೀ ನೋಡಿದವರನ್ನೂ ಕೆಲವರು ಎಣಿಸುತ್ತಾರೆ. ತಾರೀಖೂ ಬೇರೆ: ಗೂಗಲ್ ಆ್ಯಡ್ಸ್ ಸಾಮಾನ್ಯವಾಗಿ ಮಾರಾಟವನ್ನು ಕ್ಲಿಕ್ ಆದ ದಿನಕ್ಕೆ ಹಾಕುತ್ತದೆ, ನಿಮ್ಮ ಬಿಲ್ ಕೊಂಡ ದಿನಕ್ಕೆ. ತಿಂಗಳ ಕೊನೆಯಲ್ಲಿ ಇದರಿಂದಲೇ ಲೆಕ್ಕ ತಪ್ಪುತ್ತದೆ. 2021ರ ಏಪ್ರಿಲ್‌ನಿಂದ ಐಫೋನ್‌ನಲ್ಲಿ ಆ್ಯಪ್‌ಗಳು ಬಳಸುವವರನ್ನು ಹಿಂಬಾಲಿಸಲು ಅನುಮತಿ ಕೇಳಲೇಬೇಕು. ಆಮೇಲೆ ಒಂದಷ್ಟು ಅಂದಾಜಿನ ಲೆಕ್ಕವೂ ಸೇರಿಕೊಂಡಿದೆ.

ಹಾಗಾದರೆ ಯಾವ ಜಾಹೀರಾತಿಗೆ ಎಷ್ಟು ಪಾಲು ಕೊಡಬೇಕು? ಕೊನೆಯ ಕ್ಲಿಕ್‌ಗೆ ಪೂರ್ತಿ ಕೊಟ್ಟರೆ ಮೊದಲ ಪರಿಚಯ ಮಾಡಿಸಿದವರಿಗೆ ಮೋಸ. ಸಮ ಸಮ ಹಂಚಿದರೆ ಅದೂ ಊಹೆಯೇ. ಗೂಗಲ್ ಅನಾಲಿಟಿಕ್ಸ್ 2023ರಲ್ಲಿ ಮೊದಲ ಕ್ಲಿಕ್, ಸಮ ಹಂಚಿಕೆಯಂಥ ನಾಲ್ಕು ವಿಧಾನಗಳನ್ನು ತೆಗೆದೇ ಹಾಕಿತು. ನಾನು ಮಾಡುವುದು ಹೀಗೆ. ಒಟ್ಟು ಮಾರಾಟಕ್ಕೆ ನಮ್ಮ ಬಿಲ್ ಒಂದೇ ಸತ್ಯ. ಜಾಹೀರಾತು ಕಂಪನಿಯ ಸಂಖ್ಯೆಯನ್ನು ಅದೇ ಕಂಪನಿಯ ಎರಡು ಜಾಹೀರಾತು ಹೋಲಿಸಲು ಮಾತ್ರ ಬಳಸುತ್ತೇನೆ. ಆರ್ಡರ್ ಫಾರ್ಮ್‌ನಲ್ಲಿ "ನಮ್ಮ ಬಗ್ಗೆ ಎಲ್ಲಿ ತಿಳಿಯಿತು?" ಅಂತ ಒಂದು ಪ್ರಶ್ನೆ ಇಡುತ್ತೇನೆ. ಖಾತ್ರಿ ಬೇಕೇ ಬೇಕು ಅನ್ನುವವರಿಗೆ ಒಂದೇ ದಾರಿ: ಕೆಲವು ಪ್ರದೇಶಗಳಲ್ಲಿ ನಾಲ್ಕು ವಾರ ಜಾಹೀರಾತು ನಿಲ್ಲಿಸಿ, ಉಳಿದೆಡೆ ನಡೆಸಿ, ವ್ಯತ್ಯಾಸ ನೋಡಿ. ಧೈರ್ಯ ಬೇಕು, ಆದರೆ ಅಷ್ಟು ಸ್ಪಷ್ಟ ಉತ್ತರ ಬೇರೆಲ್ಲೂ ಸಿಗುವುದಿಲ್ಲ.

ಈ ವಾರ ಲೀಡ್ ಶೇ. 17 ಬಿದ್ದಿದೆ. ಗಾಬರಿ ಆಗಬೇಕಾ?

ಹಿಂದಿನ ವಾರಗಳನ್ನು ನೋಡದೆ ಹೇಳಲಾಗದು. 1924ರಲ್ಲಿ ವಾಲ್ಟರ್ ಶೂಹಾರ್ಟ್ ಅನ್ನುವ ಎಂಜಿನಿಯರ್, ಟೆಲಿಫೋನ್ ಉಪಕರಣ ಮಾಡುವ ಕಾರ್ಖಾನೆಗಾಗಿ ಒಂದು ಚಾರ್ಟ್ ಬರೆದರು. ಯಾವ ಏರಿಳಿತ ಸಹಜ, ಯಾವುದು ನಿಜವಾದ ಬದಲಾವಣೆ ಅಂತ ಬೇರ್ಪಡಿಸುವ ಚಾರ್ಟ್ ಅದು. ಲೀಡ್‌ಗೂ ಅದು ಚೆನ್ನಾಗಿ ಹೊಂದುತ್ತದೆ.

ಎಂಟು ವಾರದ ಲೀಡ್ ಹೀಗಿದೆ ಅಂದುಕೊಳ್ಳಿ: 52, 47, 55, 49, 57, 51, 46, 54. ಸರಾಸರಿ ಸುಮಾರು 51. ಪಕ್ಕಪಕ್ಕದ ವಾರಗಳ ವ್ಯತ್ಯಾಸ 5, 8, 6, 8, 6, 5, 8. ಅದರ ಸರಾಸರಿ ಸುಮಾರು 6.6. ಇದನ್ನು 2.66ರಿಂದ ಗುಣಿಸಿ, ಈ ಥರದ ಚಾರ್ಟ್‌ಗೆ ಅದು ನಿಗದಿಯಾದ ಸಂಖ್ಯೆ. ಸುಮಾರು 17.5 ಬಂತು. ಸರಾಸರಿಯಿಂದ ಅಷ್ಟು ಕೆಳಗೆ, ಅಷ್ಟು ಮೇಲೆ ಎರಡು ಗೆರೆ ಎಳೆಯಿರಿ: 34 ಮತ್ತು 69. ಈ ವಾರ 45 ಬಂದಿದ್ದರೆ ಹೋದ ವಾರದ 54ಕ್ಕಿಂತ ಶೇ. 17 ಕಡಿಮೆ, ನಿಜ. ಆದರೂ ಗೆರೆಗಳ ಒಳಗೇ ಇದೆ. ಸುಮ್ನೆ ಬಿಡಿ, ಯಾರನ್ನೂ ಕರೆದು ಕಾರಣ ಕೇಳಬೇಡಿ. ಕೇಳಿದರೆ ಅವರು ಒಂದು ಕಾರಣ ಹುಟ್ಟಿಸಿ ಹೇಳುತ್ತಾರೆ, ನೀವು ಅದನ್ನು ಸರಿಪಡಿಸಲು ಹೋಗುತ್ತೀರಿ. 30ಕ್ಕೆ ಇಳಿದರೆ ಅವತ್ತೇ ಹುಡುಕಿ. ಎಂಟು ವಾರ ಸತತ ಸರಾಸರಿಯ ಕೆಳಗೇ ಇದ್ದರೂ ಹುಡುಕಿ.

ಸರಾಸರಿ ಎಲ್ಲ ಚೆನ್ನಾಗಿದೆ, ಆದ್ರೂ ಏನೋ ಸರಿ ಇಲ್ಲ ಅನ್ನಿಸ್ತಿದೆ.

ಆ ಅನ್ನಿಸಿಕೆಯನ್ನು ತಳ್ಳಿಹಾಕಬೇಡಿ. ಹತ್ತು ಆರ್ಡರ್‌ನಲ್ಲಿ ಒಂಬತ್ತು 1,000ದವು, ಒಂದು 41,000ದ್ದು ಆದರೆ ಸರಾಸರಿ 5,000. ಅಷ್ಟಕ್ಕೆ ಕೊಂಡವರು ಒಬ್ಬರೂ ಇಲ್ಲ. ಸಾಲಾಗಿ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ 1,000, ಅದೇ ನಿಮ್ಮ ಸಾಮಾನ್ಯ ಗ್ರಾಹಕ. ಎರಡನ್ನೂ ಪಕ್ಕಪಕ್ಕ ತೋರಿಸಿ.

ಇನ್ನೊಂದು, ಗ್ರಾಹಕರನ್ನು ಬಂದ ತಿಂಗಳ ಪ್ರಕಾರ ಗುಂಪು ಮಾಡಿ ನೋಡಿ. ಜನವರಿಯಲ್ಲಿ ಬಂದ 100 ಜನರಲ್ಲಿ ಮೂರು ತಿಂಗಳ ನಂತರ 40 ಜನ ಇನ್ನೂ ಕೊಳ್ಳುತ್ತಿದ್ದಾರೆ. ಏಪ್ರಿಲ್‌ನಲ್ಲಿ ಬಂದ 100ರಲ್ಲಿ ಮೂರು ತಿಂಗಳ ನಂತರ 22 ಜನ. ಹೊಸಬರು ಬರುತ್ತಲೇ ಇರುವುದರಿಂದ ಒಟ್ಟು ಸಂಖ್ಯೆ ಏರುತ್ತಲೇ ಇರುತ್ತದೆ. ತಳ ಸೋರುತ್ತಿರುವುದು ಈ ಗುಂಪುಗಳಲ್ಲಿ ಮಾತ್ರ ಕಾಣುತ್ತದೆ.

ಟಾರ್ಗೆಟ್ ಇಟ್ಟ ಮೇಲೆ ಸಂಖ್ಯೆ ಏರಿತು, ಕೆಲಸದ ಗುಣ ಕೆಟ್ಟಿತು. ಯಾಕೆ?

ಬ್ರಿಟನ್‌ನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲೇ ಹಣಕಾಸು ನೀತಿಯ ವಿಷಯದಲ್ಲಿ ಇದನ್ನು ಗುರುತಿಸಿದ್ದರು. ಅಳತೆಯೇ ಗುರಿಯಾದರೆ ಅಳತೆ ಕೆಡುತ್ತದೆ. ದಿನಕ್ಕೆ 50 ಕಾಲ್ ಮಾಡಬೇಕು ಅಂದರೆ 50 ಕಾಲ್ ಆಗುತ್ತವೆ, ಮಾತು ಮಾತ್ರ ಅರ್ಧ ನಿಮಿಷದ್ದಿರುತ್ತದೆ. ಜನ ಕೆಟ್ಟವರಲ್ಲ, ನಾವು ಕೇಳಿದ್ದನ್ನೇ ಕೊಡುತ್ತಿದ್ದಾರೆ. ಟಾರ್ಗೆಟ್ ಇಡುವ ಪ್ರತಿ ಸಂಖ್ಯೆಗೂ ಜೋಡಿಯಾಗಿ ಗುಣ ಹೇಳುವ ಇನ್ನೊಂದು ಸಂಖ್ಯೆ ಇಡಿ. ಕಾಲ್ ಜೊತೆ, ಮುಂದಿನ ಭೇಟಿಗೆ ಒಪ್ಪಿದವರು ಎಷ್ಟು. ಹೊಸ ಆರ್ಡರ್ ಜೊತೆ, ವಾಪಸ್ ಬಂದದ್ದೆಷ್ಟು.

ಕಷ್ಟಪಟ್ಟು ಮಾಡಿದೆ, ಎರಡು ವಾರ ಆದ ಮೇಲೆ ಯಾರೂ ತೆರೆಯೋದೇ ಇಲ್ಲ.

ಬೇಜಾರಾಗುತ್ತದೆ, ಗೊತ್ತು. ಜನರನ್ನು ಡ್ಯಾಶ್‌ಬೋರ್ಡ್ ಹತ್ತಿರ ಕರೆಯುವ ಬದಲು ಅವರು ಕೂರುವ ಕಡೆಗೆ ಅದನ್ನು ಒಯ್ಯಿರಿ. ವಾರದ ಮೀಟಿಂಗ್‌ನಲ್ಲಿ ಮೊದಲ ಹತ್ತು ನಿಮಿಷ ಅದೇ ಸ್ಕ್ರೀನ್ ತೆರೆದಿರಲಿ, ಬೇರೆ ಶೀಟ್ ಬೇಡ. ಪ್ರತಿ ಸಂಖ್ಯೆಯನ್ನು ಅದರ ಹೊಣೆ ಹೊತ್ತವರೇ ಓದಲಿ.

ಅದಾದ ಮೇಲೂ ಯಾರೂ ನೋಡದ ಪುಟ ಇದ್ದರೆ ನಾನು ಯಾರಿಗೂ ಹೇಳದೆ ಅದನ್ನು ಮುಚ್ಚಿ ಒಂದು ವಾರ ಕಾಯುತ್ತೇನೆ. ಡೇಟಾ ಅಳಿಸುವುದಿಲ್ಲ, ಮರೆಮಾಡುತ್ತೇನೆ ಅಷ್ಟೇ. ಯಾರಾದರೂ ಫೋನ್ ಮಾಡಿ "ಅಲ್ಲೊಂದು ನಂಬರ್ ಇತ್ತಲ್ಲ, ಎಲ್ಲಿ ಹೋಯ್ತು?" ಅಂತ ಕೇಳುತ್ತಾರೆ. ಬಹಳ ಸಲ ಅವರು ಕೇಳುವುದು ಇಡೀ ಪುಟದಲ್ಲಿ ಒಂದೋ ಎರಡೋ ಸಂಖ್ಯೆ ಮಾತ್ರ. ಆ ಎರಡನ್ನು ಮೊದಲ ಪುಟದ ಮೇಲ್ತುದಿಗೆ ತಂದು, ಕೇಳಿದವರ ಹೆಸರನ್ನೇ ಅದರ ಹೊಣೆಗೆ ಬರೆಯುತ್ತೇನೆ.